ಬೆರಳಿಟ್ಟರೆ ಓಡುವ ಪುಟ

ಹೊಳೆ ದಾಟಬೇಕಾದವರು ನನ್ನ ದೋಣಿಗೇ ಬರಬೇಕು. ಕಥೆ ಬೇಕಾದವರೂ ಅಲ್ಲಿಗೇ ಬರಬೇಕು. ಎರಡಕ್ಕೂ ಈ ದಂಡೆಯಲ್ಲಿ ಬೇರೆ ಗತಿಯಿಲ್ಲ.

ನಾನು ಬೆಟ್ಟಯ್ಯ. ಆಶ್ರಮದವರಿಗೆಲ್ಲ ದೋಣಿ ಮಾವ. ನಾನು ಹುಟ್ಟು ಹಾಕಿದರೆ ಹೊಳೆಯೇ ಬದಿಗೆ ಸರಿದು ದಾರಿ ಬಿಡುತ್ತದೆ. ಒಂದು ಸಲ ಹಾಗೆ ಸರಿದದ್ದು ವಾಪಸು ಬರುವುದನ್ನೇ ಮರೆತು, ನಾನೇ ಹೋಗಿ ಕರೆದುಕೊಂಡು ಬರಬೇಕಾಯಿತು. ನಂಬದವರು ಈಜಿಕೊಂಡು ಹೋಗಬಹುದು.

ಆದರೆ ಈಗ ಹೇಳುವುದು ನನ್ನ ಪ್ರತಾಪವಲ್ಲ. ದಂಡೆಯ ಮೇಲಿನ ಆಶ್ರಮದ ಗುರುಗಳು, ಅವರ ಶಿಷ್ಯ ಉಮಾಪತಿ, ಅಡುಗೆಮನೆಯ ತಾಯವ್ವ, ಈ ಮೂವರ ಕಥೆ. ಸುಳ್ಳು ಬೆರೆಸುವುದು ನನಗೆ ಕಷ್ಟವಲ್ಲ. ಈ ಕಥೆಗೆ ಅದು ಬೇಕಾಗಲಿಲ್ಲ.

ಆಶ್ರಮದ ಪಂಕ್ತಿಗೆ ಒಂದು ಪದ್ಧತಿ ಇದೆ. ಎಲ್ಲರೂ ಒಟ್ಟಿಗೆ ಕೂರಬೇಕು, ಒಟ್ಟಿಗೆ ಏಳಬೇಕು. ಕೊನೆಯವರು ಉಂಡು ಮುಗಿಸುವ ತನಕ ಯಾರೂ ಎಲೆ ಬಿಟ್ಟು ಏಳುವ ಹಾಗಿಲ್ಲ. ಗುರುಗಳೂ ಏಳುವ ಹಾಗಿಲ್ಲ.

ನಾನೊಮ್ಮೆ ಇವತ್ತು ಹೊಟ್ಟೆ ತುಂಬ ಉಣ್ಣೋಣ ಎಂದು ಕೂತೆ. ನನ್ನ ಊಟ ಮುಗಿಯುವಷ್ಟರಲ್ಲಿ ಪಕ್ಕದವನಿಗೆ ಗಡ್ಡ ಬಂದಿತ್ತು. ಎದುರಿಗಿದ್ದವನ ತಲೆ ನರೆತಿತ್ತು. ಆದರೂ ಯಾರೂ ಏಳಲಿಲ್ಲ ನೋಡಿ.

ಆ ಪಂಕ್ತಿಗೆ ಬಡಿಸುತ್ತಿದ್ದವಳು ತಾಯವ್ವ. ಪೂರ್ತಿ ಹೆಸರು ಸಣ್ಣತಾಯಮ್ಮ. ಅವಳು ಬಂದದ್ದು ಯಾವಾಗ ಎಂದು ಆಶ್ರಮದಲ್ಲಿ ಯಾರಿಗೂ ನೆನಪಿಲ್ಲ. ಅವಳ ಕೈಯ ಸಾರು ಉಂಡು ದೊಡ್ಡವರಾದವರು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದು ಅದೇ ಸಾರು ಉಣ್ಣಿಸುತ್ತಾರೆ.

ಈಗ ಅವಳ ಮಂಡಿ ಒಲೆಯ ಮುಂದೆ ಮಡಿಚಲು ಒಪ್ಪುತ್ತಿರಲಿಲ್ಲ. ಆಚೆ ದಂಡೆಯಿಂದ ಬಸ್ಸು ಹತ್ತಿದರೆ ಮಗಳ ಮನೆ. ಮಗಳಿಗೆ ಹೆರಿಗೆಯಾಗಿತ್ತು. "ಇನ್ನು ಅಲ್ಲೇ ಇದ್ದುಬಿಡ್ತೀನಿ ಬುದ್ಧಿ" ಎಂದು ಗುರುಗಳಿಗೆ ಹೇಳಿಯಾಗಿತ್ತು. ಹೊರಡುವ ದಿನ ಗೊತ್ತಾಗಿತ್ತು.

ಹೊರಡುವುದರ ಹಿಂದಿನ ದಿನ ಉಮಾಪತಿ ಫೋನು ಹಿಡಿದುಕೊಂಡು ನನ್ನ ದೋಣಿಗೆ ಬಂದ. ಆಶ್ರಮದ ವೆಬ್‌ಸೈಟು ನೋಡಿಕೊಳ್ಳುವವನು ಅವನೇ.

"ಮಾವ, ತಾಯವ್ವನಿಗೆ ಅಂತ ಒಂದು ಪುಟ ಮಾಡಿದ್ದೀನಿ. ಬೆರಳಲ್ಲಿ ಒಂಚೂರು ಸರಿಸಿ ನೋಡಿ."

ಸರಿಸಿದೆ. ಸ್ಕ್ರೀನ್ ತುಂಬ ಇದ್ದ ಹೊಳೆ ಪೂರ್ತಿ ಹಾರಿಹೋಗಿ, ಸ್ಕ್ರೀನ್ ತುಂಬ ಅಡುಗೆಮನೆ ಬಂತು. ಇನ್ನೊಮ್ಮೆ ಸರಿಸಿದೆ. ಅಡುಗೆಮನೆ ಹಾರಿ ಅನ್ನದ ಕೊಪ್ಪರಿಗೆ ಬಂತು.

"ಇದೇನೋ, ಮಾಟವಾ?"

"ಪ್ಲಗಿನ್ ಮಾವ. ಸೈಟ್ ಮಾಡೋ ಎಡಿಟರಿಗೆ ಇದನ್ನ ಸೇರಿಸಿದರೆ ಆಯ್ತು. ಒಂದೊಂದು ಸ್ಕ್ರೀನಿಗೂ ಒಂದೊಂದು ಪಟ, ಪಟದ ಮೇಲೆ ಬರಹ. ಮೇಲಕ್ಕೆ ಸರಿಸಿದರೂ ಹಾರುತ್ತೆ, ಪಕ್ಕಕ್ಕೆ ಸರಿಸಿದರೂ ಹಾರುತ್ತೆ. ಅರ್ಧಂಬರ್ಧ ನಿಲ್ಲೋ ಮಾತೇ ಇಲ್ಲ."

"ನನ್ನ ಪಟ ಎಲ್ಲಿ?"

"ದೋಣಿ ಇದೆ ಮಾವ. ನೀವು ಬಗ್ಗಿದ್ರಿ, ಬೆನ್ನು ಮಾತ್ರ ಬಂದಿದೆ."

"ಒಳ್ಳೇದಾಯ್ತು ಬಿಡು. ಮುಖ ಬಂದಿದ್ರೆ ಜನ ಅಲ್ಲೇ ನಿಂತುಬಿಡೋರು. ತಾಯವ್ವನ ಕಡೆ ಯಾರೂ ಹೋಗ್ತಿರಲಿಲ್ಲ."

ಬರಹವೂ ಇತ್ತು. ನಾನು ಓದಲಿಲ್ಲ. ಪಟಗಳು ಹಾಗೆ ಹಾರಾಡುವಾಗ ಓದಲು ಯಾರಿಗೆ ಪುರಸೊತ್ತು?

"ಇಷ್ಟೆಲ್ಲ ಯಾಕೋ? ಹೋಗಿ ಬಾಯಲ್ಲಿ ಹೇಳಬಾರದಾ?"

ಉಮಾಪತಿ ನೀರು ನೋಡಿದ.

"ಹೇಳೋಕೆ ಹೋದ್ರೆ ಗಂಟಲು ಕಟ್ಕೊಳ್ಳುತ್ತೆ ಮಾವ. ಎಷ್ಟು ಸಲ ಅಡುಗೆಮನೆ ಬಾಗಿಲ ತನಕ ಹೋಗಿ, ಉಪ್ಪು ಬೇಕು ಅಂತ ಕೇಳಿ ಬಂದಿದ್ದೀನಿ. ಅದಕ್ಕೇ ಬರೆದಿದ್ದು. ಅವರು ಹೋಗೋದರೊಳಗೆ ಇದನ್ನ ಓದಬೇಕು. ನನಗೆ ಅಷ್ಟೇ ಸಾಕು."

ಮೀಸೆ ಬಲಿತ ಗಂಡಸು. ಉಪ್ಪು ಕೇಳಿ ಬಂದಿದ್ದನಂತೆ.

ಸಂಜೆ ಅವನು ಅಡುಗೆಮನೆಯ ಕಟ್ಟೆಯ ಮೇಲೆ ತಾಯವ್ವನನ್ನು ಕೂರಿಸಿ ಫೋನು ಕೊಟ್ಟ. ನಾನೂ ಅಲ್ಲಿದ್ದೆ. ಕರೆದಿರಲಿಲ್ಲ. ಪಾಯಸದ ವಾಸನೆ ನನ್ನನ್ನು ದೋಣಿ ಸಮೇತ ದಡಕ್ಕೆ ಎಳೆದು ತಂದಿತ್ತು.

ತಾಯವ್ವ ಸೆರಗಿಗೆ ಕೈ ಒರೆಸಿಕೊಂಡಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಬೆರಳನ್ನು ಮೆಲ್ಲಗೆ ಮುಂದಕ್ಕೆ ಎಳೆದಳು.

ಪಟ ಹಾರಿತು.

ಮತ್ತೆ ಬೆರಳಿಟ್ಟಳು. ಮತ್ತೆ ಹಾರಿತು. ಒಮ್ಮೆ ಕೊಪ್ಪರಿಗೆ, ಒಮ್ಮೆ ನನ್ನ ಬೆನ್ನು, ತಿರುಗಿ ಕೊಪ್ಪರಿಗೆ.

ಉಮಾಪತಿ ಅವಳ ಮುಖವನ್ನೇ ನೋಡುತ್ತಿದ್ದ.

"ಹೆಂಗಿದೆ ತಾಯವ್ವ?"

"ಚೆಂದಾಗೈತೆ ಮಗ. ಪಟಗಳು ಉಯ್ಯಾಲೆ ಆಡ್ದಂಗೆ ಆಡ್ತವೆ." ಕಣ್ಣು ಒರೆಸಿಕೊಂಡಳು. "ಒಲೆ ಮೇಲೆ ಹಾಲಿಟ್ಟಿವ್ನಿ" ಎಂದು ಒಳಗೆ ಹೋದಳು.

ಉಮಾಪತಿ ಕುಣಿಯುತ್ತ ಗುರುಗಳ ಹತ್ತಿರ ಹೋದ. ಅವರು ಹೊಳೆಯ ಮೆಟ್ಟಿಲ ಮೇಲೆ ಪಂಚೆ ಒಗೆಯುತ್ತಿದ್ದರು.

"ಗುರುಗಳೇ, ತಾಯವ್ವ ನೋಡಿದರು!"

"ಓದಿದಳಾ?"

"ಕಣ್ಣಲ್ಲಿ ನೀರು ಬಂತು ಗುರುಗಳೇ."

"ಒಲೆಯಲ್ಲಿ ಹಸಿ ಸೌದೆ, ಹೊಗೆ. ನನಗೂ ಬಂತು." ಗುರುಗಳು ಪಂಚೆ ಹಿಂಡಿದರು. "ಓದಿದಳಾ ಅಂತ ಕೇಳಿದೆ."

"ಓದಿರಬೇಕು."

"ಅವಳ ಬೆರಳು ನೋಡಿದೆಯಾ?"

"ಇಲ್ಲ. ಮುಖ ನೋಡ್ತಿದ್ದೆ."

ಗುರುಗಳು ಪಂಚೆ ಕೊಡವಿ ಹೆಗಲಿಗೆ ಹಾಕಿಕೊಂಡರು.

"ನಾಳೆ ಬೆಳಿಗ್ಗೆ ತಿಂಡಿ ನಾನು ಬಡಿಸ್ತೀನಿ" ಎಂದು ಹೊರಟುಹೋದರು.

ಬೆಳಿಗ್ಗೆ ಪಂಕ್ತಿ ಕೂತಿತು. ಉಪ್ಪಿಟ್ಟು, ಚಟ್ನಿ, ಬಾಳೆಹಣ್ಣು. ಗುರುಗಳು ಸೌಟು ಹಿಡಿದು ಬಂದರು. ಎಲ್ಲರಿಗೂ ಎಲ್ಲರ ಹಾಗೆ ಬಡಿಸಿದರು. ಉಮಾಪತಿಯ ಎಲೆಗೆ ಮಾತ್ರ ಎಲೆ ತುಂಬ ಉಪ್ಪಿಟ್ಟು ಸುರಿದರು. ಬೇರೇನೂ ಇಲ್ಲ. ನೋಡಲು ಗುಡ್ಡದ ಹಾಗಿತ್ತು.

ಉಮಾಪತಿ ಬೆರಳಿಟ್ಟ.

ಗುರುಗಳು ಎಲೆಯನ್ನು ಸರಕ್ಕನೆ ಎಳೆದುಕೊಂಡರು. ಆ ಜಾಗಕ್ಕೆ ಇನ್ನೊಂದು ಎಲೆ ಬಂತು. ಎಲೆ ತುಂಬ ಚಟ್ನಿ.

"ಗುರುಗಳೇ?"

"ಉಣ್ಣು."

ಬೆರಳಿಟ್ಟ. ಚಟ್ನಿ ಹೋಯಿತು. ಎಲೆ ತುಂಬ ಬಾಳೆಹಣ್ಣು ಬಂತು. ಬೆರಳಿಟ್ಟ. ಅದೂ ಹೋಯಿತು. ಎಲೆ ತುಂಬ ಉಪ್ಪು ಬಂತು. ಉಪ್ಪಿಗೆ ಅವನು ಬೆರಳಿಡಲಿಲ್ಲ. ಅದಕ್ಕೇ ಅದು ಜಪ್ಪಯ್ಯ ಎಂದರೂ ಹೋಗಲಿಲ್ಲ.

ನಮ್ಮೆಲ್ಲರ ತಿಂಡಿ ಆಗಿತ್ತು. ಅವನದು ಆಗಿರಲಿಲ್ಲ. ಏಳುವ ಹಾಗಿಲ್ಲವಲ್ಲ, ಕೂತೇ ಇದ್ದೆವು. ದಂಡೆಯಲ್ಲಿ ಜನ ಕಾದು ಕಾದು ಸಾಕಾಗಿ, ಕೊನೆಗೆ ನನ್ನ ದೋಣಿ ತಾನೇ ಒಂದು ಸುತ್ತು ಅವರನ್ನು ದಾಟಿಸಿ ಬಂತು. ಒಳ್ಳೆಯ ಮರ.

"ಗುರುಗಳೇ, ಉಣ್ಣೋಕೆ ಬಿಡಿ" ಎಂದ ಉಮಾಪತಿ.

"ನೋಡೋಕೆ ಚೆನ್ನಾಗಿರಲಿಲ್ಲವಾ?"

"ಚೆನ್ನಾಗಿತ್ತು. ಬಾಯಿಗೆ ಬರಲಿಲ್ಲ."

"ಯಾಕೆ ಬರಲಿಲ್ಲ?"

"ಬೆರಳಿಟ್ಟ ತಕ್ಷಣ..."

ಅವನು ತನ್ನ ಬೆರಳು ನೋಡಿಕೊಂಡ. ಆಮೇಲೆ ಅಡುಗೆಮನೆಯ ಕಡೆ ನೋಡಿದ.

ಅಲ್ಲಿ ಗೋಡೆಗೆ ಒಂದು ಮೊರ ನೇತುಹಾಕಿತ್ತು. ತಾಯವ್ವನಿಗೆ ಅಕ್ಷರ ಕಲಿಸಿದವನು ಇದೇ ಉಮಾಪತಿ. ಮಧ್ಯಾಹ್ನ ಅಡುಗೆಮನೆ ತಣ್ಣಗಾದ ಮೇಲೆ, ಆ ಮೊರದಲ್ಲಿ ಅಕ್ಕಿ ಹರಡಿ, ಅವಳ ಬೆರಳು ಹಿಡಿದು ತಿದ್ದಿಸಿ ಕಲಿಸಿದ್ದ. ಅವತ್ತಿನಿಂದ ಅವಳು ಏನೇ ಓದಲಿ, ಬೆರಳಿನಿಂದಲೇ ಓದುತ್ತಾಳೆ. ಬಸ್ಸಿನ ಬೋರ್ಡನ್ನು ಕೂಡ ಗಾಳಿಯಲ್ಲಿ ಬೆರಳು ಎಳೆದೇ ಓದುತ್ತಾಳೆ.

ಗುರುಗಳು ಒಂದು ಎಲೆ ಹಾಕಿ, ಎಲ್ಲರ ಹಾಗೆ ಬಡಿಸಿ, ಸೌಟು ಹಿಡಿದು ನಿಂತರು. ಉಮಾಪತಿ ಗಬಗಬನೆ ತಿಂದ. ಪಂಕ್ತಿ ಎದ್ದಿತು.

ಅವನು ನೇರ ಅಡುಗೆಮನೆಗೆ ಹೋದ.

"ತಾಯವ್ವ, ನಿಜ ಹೇಳಿ. ನೆನ್ನೆ ಓದಿದ್ರಾ?"

ತಾಯವ್ವ ಬೇಳೆ ಆರಿಸುತ್ತಿದ್ದಳು.

"ಅದೇನ್ ಓದನಪ್ಪ? ಬೆರಳಿಟ್ರೆ ಓಡೋಯ್ತದೆ. ನಾನೇನೋ ಕೆಡಿಸ್ಬುಟ್ನೇನೋ ಅನ್ಕಂಡೆ."

"ಹೇಳಬಾರದಿತ್ತಾ?"

"ಅಷ್ಟು ಆಸೆಪಟ್ಟು ಮಾಡಿದ್ದೆ. ಹೊಂಟೋಗೋ ಹೊತ್ನಲ್ಲಿ ನಿನ್ ಮನ್ಸು ಯಾಕ್ ನೋಯಿಸ್ಲಿ? ತಿಂಡಿ ಸಾಲ್ದೋಯ್ತಾ? ಉಪ್ಪಿಟ್ಟು ಇನ್ನೂ ಅದೆ."

ಉಮಾಪತಿ ಹಿಂದೆ ಉಪ್ಪು ಕೇಳಿ ಬಂದ ಹಾಗೆಯೇ ಈಗ ಉಪ್ಪಿಟ್ಟು ಹಾಕಿಸಿಕೊಂಡು ಬಂದ.

ಮಧ್ಯಾಹ್ನದ ಊಟ ಆದ ಕೂಡಲೇ ತಾಯವ್ವ ಹೊರಡಬೇಕು. ಅವನು ಲ್ಯಾಪ್‌ಟಾಪ್ ತೆಗೆದುಕೊಂಡು ಹೊಳೆದಂಡೆಯ ಹೊಂಗೆ ಮರದ ಕೆಳಗೆ ಕೂತ. ಮುಖ ಗಡಿಗೆಯಷ್ಟಾಗಿತ್ತು. ಗುರುಗಳು ಪಕ್ಕದಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದರು. ನಾನು ದೋಣಿಯಲ್ಲಿ ಮಲಗಿ ಇಬ್ಬರ ಮೇಲೂ ಕಣ್ಣಿಟ್ಟಿದ್ದೆ, ಕಣ್ಣು ಮುಚ್ಚಿಕೊಂಡೇ.

"ಗುರುಗಳೇ, ದಾರಿ ಸಿಕ್ಕಿತು. ಪ್ಲಗಿನ್ನಿನ ಸೆಟ್ಟಿಂಗಿನಲ್ಲಿ ವೇಗ ಇದೆ. ಕಡಿಮೆ ಮಾಡ್ತೀನಿ. ಪಟ ನಿಧಾನ ಹೋಗುತ್ತೆ."

"ಎಲೆ ನಿಧಾನ ಎಳೆದರೆ ಹೊಟ್ಟೆ ತುಂಬುತ್ತಾ?"

ಉಮಾಪತಿ ಸೆಟ್ಟಿಂಗು ಮುಚ್ಚಿದ.

"ಹೋಗಲಿ, ನಾನೇ ಓದಿ ಹೇಳಲಾ?"

"ಗಂಟಲು?"

"ಬೆಟ್ಟಯ್ಯ ಮಾವ ಓದಲಿ."

ನಾನು ಎದ್ದು ಕೂತೆ. "ನಾನು ಓದಿದ್ರೆ ಆಚೆ ದಂಡೆಯವರೂ ಕೆಲಸ ಬಿಟ್ಟು ಅಳ್ತಾರೆ. ಊರಿಗೆ ಊರೇ ನಿಂತುಹೋಗುತ್ತೆ. ಯೋಚನೆ ಮಾಡು."

ಗುರುಗಳು ನನ್ನ ಕಡೆ ನೋಡಲಿಲ್ಲ. "ಅವಳ ಎಲೆಯ ಊಟ ಬೆಟ್ಟಯ್ಯ ಉಂಡರೆ, ಉಂಡವರು ಯಾರು?"

"ಬೆಟ್ಟಯ್ಯ ಮಾವ."

"ಅದು ಯಾವಾಗಲೂ ಆಗೋದೇ" ಎಂದು ಗುರುಗಳು ಹುರುಳಿಕಾಯಿ ಮುರಿದರು.

ಉಮಾಪತಿ ಸ್ಕ್ರೀನಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ.

"ಇದನ್ನ ತೆಗೆದರೆ ಪುಟ ಬೋಳಾಗುತ್ತೆ ಗುರುಗಳೇ. ಒಂದು ಪಟವೂ ಹಾರಲ್ಲ. ಬರೀ ಸಾಲು, ಅದರ ಕೆಳಗೆ ಸಾಲು. ಇಷ್ಟೇನಾ ಉಮಾಪತಿಗೆ ಗೊತ್ತಿರೋದು ಅಂತಾರೆ ನೋಡಿದವರು."

"ನೋಡಿದವರು ಯಾರು?"

"ಜನ."

"ಪುಟ ಯಾರಿಗೆ?"

ಅವನು ಪ್ಲಗಿನ್ ತೆಗೆದ.

ಪಟಗಳೆಲ್ಲ ಕುಗ್ಗಿ ಒಂದರ ಕೆಳಗೊಂದು ಕೂತವು. ಆಗ ಒಂದು ಸಂಗತಿ ಕಂಡಿತು. ಒಂದೊಂದು ಸ್ಕ್ರೀನಿಗೆ ಹಿಡಿಯುವಷ್ಟು ಮಾತ್ರ ಕಾಣುತ್ತಿತ್ತಲ್ಲ, ಅವನು ಬರೆದದ್ದರಲ್ಲಿ ಎಷ್ಟೋ ಸಾಲು ಅಂಚಿನ ಆಚೆ ಮುಚ್ಚಿಹೋಗಿದ್ದವು. ಈಗ ಎಲ್ಲ ಹೊರಗೆ ಬಂದವು. ಮೊದಲಿನ ಪುಟವನ್ನು ಕಣ್ಣಿಂದ ಓದುವವರು ಓದಿದ್ದರೂ ಪೂರ್ತಿ ಸಿಗುತ್ತಿರಲಿಲ್ಲ.

ಅವನು ಅಕ್ಷರಗಳನ್ನು ದೊಡ್ಡದು ಮಾಡಿದ. ಸಾಲುಗಳ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಬಿಟ್ಟ. ಫೋನಿನಲ್ಲಿ ಪುಟ ತೆರೆದು, ಸಾಲಿನ ಉದ್ದಕ್ಕೆ ತನ್ನ ಬೆರಳಿಟ್ಟು ಎಳೆದು ನೋಡಿದ. ಪುಟ ಅಲ್ಲಾಡಲಿಲ್ಲ.

"ಬೋಳಾಯಿತು ಗುರುಗಳೇ."

"ಎಲೆಯೂ ಬೋಳೇ. ಹೋಗಿ ಬಡಿಸು" ಎಂದು ಅವರು ಹುರುಳಿಕಾಯಿ ಬುಟ್ಟಿ ಎತ್ತಿಕೊಂಡರು.

ಮಧ್ಯಾಹ್ನ ಒಂದು ವಿಚಿತ್ರ ನಡೆಯಿತು. ಪಂಕ್ತಿಯ ನಡುವೆ ಒಂದು ಎಲೆ ಹಾಕಿ, ಗುರುಗಳು ತಾಯವ್ವನನ್ನು ಕರೆದರು.

"ಕೂತ್ಕೋ ತಾಯವ್ವ."

"ಅಯ್ಯೋ, ನಾನಾ? ನಾನ್ ಕೂತ್ರೆ ಬಡಿಸೋರ್ ಯಾರು ಬುದ್ಧಿ?"

"ನಿನ್ನಷ್ಟು ಚೆನ್ನಾಗಿ ಬರಲ್ಲ. ಸಹಿಸ್ಕೋ."

ಅವಳು ಗೋಡೆ ಹಿಡಿದು ಮೆಲ್ಲಗೆ ಕೂತಳು. ಮಂಡಿಯ ಕೆಳಗೆ ಉಮಾಪತಿ ಒಂದು ದಿಂಬು ಕೊಟ್ಟ. ಗುರುಗಳು ಅನ್ನ ತಂದರು. ಅವಳು ಉಣ್ಣುವುದಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದ ಎಲೆಗಳನ್ನೇ ನೋಡುತ್ತಿದ್ದಳು. "ಅಲ್ಲಿ ಸಾರು ಬಿದ್ದಿಲ್ಲ ಬುದ್ಧಿ. ಆ ಕಂಬದ ಪಕ್ಕದವ್ರಿಗೆ ಹಪ್ಪಳ." ಗುರುಗಳು ಅವಳು ತೋರಿಸಿದ ಕಡೆಗೆಲ್ಲ ಓಡಿದರು. ಸಾರಿನಲ್ಲಿ ಉಪ್ಪು ಕಡಿಮೆ ಇತ್ತು. ನಾನು ಕೊಪ್ಪರಿಗೆಯ ಅರ್ಧ ಮಾತ್ರ ಉಂಡೆ. ಅವಳಿಗೂ ಇರಲಿ ಎಂದು.

ಊಟ ಮುಗಿಯಿತು. ಬಡಿಸಲು ನಿಂತಿದ್ದ ಉಮಾಪತಿ ಅವಳ ಎಲೆಯ ಮುಂದೆ ಮಂಡಿಯೂರಿ, ಚೊಂಬಿಗೆ ಫೋನು ಒರಗಿಸಿ ಇಟ್ಟ.

"ಮತ್ತೆ ಓಡೋಯ್ತದಾ?" ಎಂದಳು ತಾಯವ್ವ.

"ಇಲ್ಲ ತಾಯವ್ವ. ಇದು ನಿಲ್ಲುತ್ತೆ."

"ಬಲಗೈ ಎಂಜಲು ಕಣಪ್ಪ. ಎಡಗೈಗೆ ಓದೋಕ್ ಬರಕಿಲ್ಲ."

ಎದ್ದು ಕೈ ತೊಳೆಯೋಣ ಎಂದರೆ ಪಂಕ್ತಿಯೇ ಎದ್ದುಬಿಡುತ್ತದೆ. ಗುರುಗಳು ಒಳಗೆ ಹೋಗಿ ಒಂದು ಬೋಗುಣಿ, ಒಂದು ತಂಬಿಗೆ ನೀರು ತಂದರು. ಅವಳ ಎದುರು ಕೂತು ಬೋಗುಣಿ ಹಿಡಿದರು.

"ಬ್ಯಾಡಿ ಬುದ್ಧಿ! ನೀವು ಯಾಕೆ..."

"ಕೈ ಚಾಚು."

ಚಾಚಿದಳು. ಗುರುಗಳು ನೀರು ಹುಯ್ದರು. ಹೆಗಲಿನ ಪಂಚೆ ಕೊಟ್ಟರು. ಅವಳು ಬೆರಳು ಒರೆಸಿಕೊಂಡು ಮೊದಲ ಸಾಲಿನ ಕೆಳಗೆ ಇಟ್ಟಳು. ಒಂದು ಗಳಿಗೆ ಹಾಗೇ ಇಟ್ಟುಕೊಂಡು ಕಾದಳು. ಆಮೇಲೆ ಎಳೆದಳು.

ಪುಟ ನಿಂತಿತ್ತು.

"ತಾ... ಯವ್... ವ. ನಾನು ಇಲ್... ಲಿಗೆ ಬಂದ ದಿನ, ಬಾಯಿ ತುಂ... ಬ ಹುಣ್ಣು."

ಅವಳು ಉಮಾಪತಿಯ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಒಂದೊಂದೇ ಅಗುಳು ನುಂ... ಗುತ್ತಿದ್ದೆ. ಎಲ್ಲರ ಊಟ ಮುಗಿ... ದಿತ್ತು. ನಾಚಿಕೆಯಾಗಿ, ಸಾಕು ಅಂತ ಎಲೆ ಮಡಿ... ಚಲು ಹೋದೆ. ನೀವು ಎಲೆಯ ಮೇಲೆ ಕೈ ಇಟ್... ಟಿರಿ."

ಬೆರಳು ಮೆಲ್ಲಗೆ ಮುಂದಕ್ಕೆ ಹೋಗುತ್ತಿತ್ತು. ನನ್ನ ಕಣ್ಣಿಗೆ ಏನೋ ಬಿತ್ತು. ಆ ದಿನ ಸಾರಿಗೆ ಮೆಣಸಿನಕಾಯಿ ಜಾಸ್ತಿಯಾಗಿತ್ತೆಂದು ಈಗಲೂ ಸಾಧಿಸಬಲ್ಲೆ.

"ಹುಡುಗ ಇನ್ನೂ ಉಣ್ತಾ ಅವ್ನೆ, ಯಾರೂ ಏಳ್... ಬೇಡಿ ಅಂದಿರಿ. ಸೌಟು ಹಿಡಿದು ಪಕ್ಕ... ದಲ್ಲೇ ನಿಂತಿರಿ. ಅಷ್ಟು ಜನ ನನಗಾಗಿ ಕೂತಿದ್ದರು. ಅವತ್ತು ನನ್ನ ಹೊಟ್ಟೆ ತುಂಬಿದ್ದು ಇನ್ನೂ ಕರ... ಗಿಲ್ಲ. ಇಂತಿ, ನಿಮ್ಮ ಉಮಾಪತಿ."

ತಾಯವ್ವ ಬೆರಳು ತೆಗೆಯಲಿಲ್ಲ. ಅವನ ಹೆಸರಿನ ಮೇಲೆಯೇ ಇಟ್ಟುಕೊಂಡಿದ್ದಳು.

"ಬಾಯಿ ಹುಣ್ಣು. ಹೂಂ. ಗಂಜಿ ಮಾಡಿಕೊಟ್ಟಿದ್ದೆ ನಾನು" ಎಂದಳು. "ಅದೂ ಬರ್ದಿದ್ದೀಯಾ?"

"ಮರೆತೆ ತಾಯವ್ವ" ಎಂದ ಉಮಾಪತಿ. ಗಂಟಲು ಕಟ್ಟಿತ್ತು, ಆದರೂ ಮಾತು ಹೊರಗೆ ಬಂತು. "ಈಗ ಬರೀತೀನಿ."

"ಆಮೇಕೆ ಬರಿ. ಇನ್ನೊಂದ್ಸಲ ಓದ್ತೀನಿ, ಇರು."

ಬೆರಳು ಹಿಂದಕ್ಕೆ ಹೋಯಿತು. ಮೊದಲ ಸಾಲಿನ ಕೆಳಗೆ ಕೂತಿತು.

"ತಾ... ಯವ್... ವ."

ಆಗ ಆಚೆ ದಂಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಆ ಬಸ್ಸು ತಪ್ಪಿದರೆ ಸಂಜೆಯ ತನಕ ಇನ್ನೊಂದಿಲ್ಲ. ನನ್ನ ದೋಣಿ ಗಾಳಿಗಿಂತ ಜೋರು, ನಿಜ. ಆದರೆ ನಾನು ಅದರಲ್ಲಿ ಕೂತಿರಬೇಕಲ್ಲ. ನಾನು ನೆಲಕ್ಕೆ ಕೈಯೂರಿ ಅರ್ಧ ಎದ್ದೆ.

"ತಾಯವ್ವ, ಬಸ್ಸು!"

ಗುರುಗಳು ಅವಳ ಪಕ್ಕದಲ್ಲಿ ನಿಂತಿದ್ದರು. ಸೌಟು ಮತ್ತೆ ಕೈಗೆ ಬಂದಿತ್ತು.

"ಕೂತ್ಕೋ ಬೆಟ್ಟಯ್ಯ. ಪಂಕ್ತಿ ಇನ್ನೂ ಎದ್ದಿಲ್ಲ."